ಬಾಗಿಲು ಮುಚ್ಚಿ ಬಡಿದ ರೊಟ್ಟಿ

ನವನಗರದ ಉದಯಕುಮಾರ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತನೆಂದರೆ ಧಾರವಾಡದ ಕಡೆ ಹೊರಟ ರೈಲು ನಡುದಾರಿಯಲ್ಲೇ ನಿಂತುಬಿಡುತ್ತಿತ್ತು. ಆ ಸದ್ದಿಗೆ ತನ್ನ ಗಾಡಿಯ ಗಾಲಿ ಕಳಚಿತೇನೋ ಎಂದು ಡ್ರೈವರ್ ಗಾಬರಿಯಾಗಿ ಕೆಳಗಿಳಿಯುತ್ತಿದ್ದ. ಗಾಲಿಗಳೆಲ್ಲ ಗಟ್ಟಿಯಾಗಿವೆ ಎಂದು ಖಾತ್ರಿಯಾದ ಮೇಲೆ, "ಓಹೋ, ಉದಯಕುಮಾರ ಸಾಹೇಬ್ರು ರೊಟ್ಟಿ ಬಡ್ಯಾಕತ್ತಾರ" ಎಂದು ಸೀಟಿ ಊದಿ ಮುಂದೆ ಹೋಗುತ್ತಿದ್ದ. ರೊಟ್ಟಿಯ ತೆಳುವಿನ ಮಾತಂತೂ ಕೇಳಲೇಬೇಡಿ. ಒಮ್ಮೆ ಹಂಚಿನ ಮೇಲಿದ್ದ ರೊಟ್ಟಿ ಫ್ಯಾನಿನ ಗಾಳಿಗೆ ಎದ್ದು, ಕಿಟಕಿಯಿಂದ ಹಾರಿ, ಉಣಕಲ್ ಕೆರೆಯ ಮೇಲೆ ಎರಡು ಸುತ್ತು ಹೊಡೆದು ಕೊಕ್ಕರೆಗಳ ಹಿಂಡಿನಲ್ಲಿ ಸೇರಿಕೊಂಡಿತು. ಸಂಜೆಗೆ ಕೊಕ್ಕರೆಗಳು ಮರಳಿದವು. ರೊಟ್ಟಿ ಮರಳಲಿಲ್ಲ.

ಇದು ಸುಳ್ಳೆನ್ನುವವರು ಉದಯಕುಮಾರನನ್ನೇ ಕೇಳಿಕೊಳ್ಳಬಹುದು. ಹುಬ್ಬಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಸೂಪರಿಂಟೆಂಡೆಂಟು. ಊಟದ ಹೊತ್ತಿಗೆ ಡಬ್ಬಿಯಿಂದ ರೊಟ್ಟಿ ಎತ್ತಿ, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಅದರ ಆಚೆ ಕಾಣುವ ಬೆಳಕನ್ನು ಎಲ್ಲರಿಗೂ ತೋರಿಸಿ ಆಮೇಲೆಯೇ ಉಣ್ಣುವುದು ಅವನ ರೂಢಿ.

"ಸಾಹೇಬ್ರ, ಆ ರೊಟ್ಟಿ ಕೊಕ್ಕರಿ ಕೂಡ ಹೋತಲ್ಲ, ಮುಂದ ತತ್ತಿ ಗಿತ್ತಿ ಹಾಕೇತೇನ?" ಎಂದು ಎದುರಿನ ಮೇಜಿನ ಉಳವಪ್ಪ ಕೇಳಿದರೆ ಇವನು ಮುಖದ ಗೆರೆ ಅಲುಗಿಸದೆ, "ಹಾಕೇತಿ. ಒಡದು ಮರೀನೂ ಹೊರಗ ಬಂದಾವ. ನಿನ್ನ ಡಬ್ಬ್ಯಾಗ ಹಪ್ಪಳ ಅದಾವಲ್ಲ, ಅವನ ನೋಡು" ಎನ್ನುತ್ತಿದ್ದ.

ಒಂದೇ ಒಂದು ಸಣ್ಣ ಸಂಗತಿಯನ್ನು ಮಾತ್ರ ಅವನು ಉಳವಪ್ಪನಿಗಾಗಲಿ, ಓಣಿಗಾಗಲಿ, ಹೆಂಡತಿಗಾಗಲಿ ಹೇಳಿರಲಿಲ್ಲ. ಅವನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ.

ಹಾಗೆಂದು ಅವನು ಬೇಕೆಂದೇ ಕಟ್ಟಿದ ಸುಳ್ಳು ಇದಲ್ಲ. ಸುಳ್ಳು ತಾನಾಗಿ ಬಂದು ಅವನ ಕೈಗೆ ಅಂಟಿಕೊಂಡಿತು, ಹಸಿ ಹಿಟ್ಟು ಅಂಟಿಕೊಂಡ ಹಾಗೆ.

ಅವನ ಹೆಂಡತಿ ಸುಜಾತಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಆಕೆ ವರ್ಗಕ್ಕೆ ಬಂದರೆ ಗೋಡೆಯ ಹಲ್ಲಿಯೂ ಬಾಯಿ ಮುಚ್ಚಿ ಕೂಡುತ್ತಿತ್ತು ಎನ್ನುತ್ತಾರೆ. ಅಂಥ ಸುಜಾತಾ ಬರಬರುತ್ತ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಹೊಟ್ಟೆ ಉಬ್ಬುವುದು, ಬಾಯಲ್ಲಿ ಹುಣ್ಣು, ಉಂಡದ್ದು ಮೈಗೆ ಹತ್ತದಿರುವುದು. ಒಬ್ಬ ಡಾಕ್ಟರು ರಕ್ತ ಇಲ್ಲ ಎಂದರು. ಇನ್ನೊಬ್ಬರು ಗ್ಯಾಸ್ ಎಂದರು. ಮತ್ತೊಬ್ಬರು, "ಟೀಚರ್ ಕೆಲಸ ನೋಡ್ರಿ, ಟೆನ್ಶನ್" ಎಂದು ನಿದ್ದೆಯ ಗುಳಿಗೆ ಬರೆದರು. ಕೊನೆಗೆ ಹುಬ್ಬಳ್ಳಿಯ ಒಬ್ಬ ಹೊಟ್ಟೆ ಡಾಕ್ಟರು ಗಂಟಲಿನಿಂದ ದುರ್ಬೀನು ಇಳಿಸಿ, ಕರುಳಿನ ಚೂರು ತೆಗೆದು ತಪಾಸಿಸಿ, ರೋಗದ ಹೆಸರು ಹೇಳಿದರು. ಸೀಲಿಯಾಕ್.

ಓಣಿಯವರಿಗೆ ಅದನ್ನು ಸುಜಾತಾಳೇ ತಿಳಿಸಿ ಹೇಳಿದ್ದಳು. "ಗೋಧಿಯೊಳಗ ಗ್ಲುಟೆನ್ ಅಂತ ಒಂದು ಅಂಟು ಇರತೈತ್ರಿ. ಅದು ಒಳಗ ಹೋದ್ರ ನನ್ನ ಮೈ ನನ್ನ ಕರುಳಿನ ಮ್ಯಾಲನ ದಂಡೆತ್ತಿ ಹೋಗತೈತಿ. ಔಷಧ ಇಲ್ಲ. ಗೋಧಿ ಬಿಡೂದ ಔಷಧ, ಇರೂತನಕ. ಚೂರು ಸಹಿತ ಹೋಗಬಾರದು."

"ಅಯ್ಯ, ಇಷ್ಟ ಹೌದಲ್ಲೋ!" ಎಂದಿದ್ದಳು ಕಂಪೌಂಡಿನ ಆಚೆಯ ರಾಜಬಿ. "ಜ್ವಾಳಾ ತಿನ್ನೋ ಊರಾಗ ಗೋಧಿ ಬಿಡೂದು ಏನ್ ದೊಡ್ಡ ಮಾತವಾ?"

ದೊಡ್ಡ ಮಾತೇ ಆಗಿತ್ತು. ಬಿಡಲು ಕೂತ ಮೇಲೆಯೇ ಗೋಧಿ ಎಲ್ಲೆಲ್ಲಿ ಅಡಗಿದೆ ಎಂದು ತಿಳಿದದ್ದು. ಬೆಳಗಿನ ಉಪ್ಪಿಟ್ಟಿನಲ್ಲಿ ಗೋಧಿ, ಶಾವಿಗೆಯಲ್ಲಿ ಗೋಧಿ, ಚಹಾದ ಜೊತೆಯ ಬಿಸ್ಕೀಟಿನಲ್ಲಿ ಗೋಧಿ. ಓಣಿಯವರೆಲ್ಲ ಸೇರಿ ಮಾಡಿದ ಜಯಂತಿಯ ಊಟದ ದಿನ ಸಮುದಾಯ ಭವನದಲ್ಲಿ ಎಲ್ಲರೂ ಗೋಧಿ ಹುಗ್ಗಿಯ ಮೇಲೆ ತುಪ್ಪ ಹಾಕಿಸಿಕೊಂಡು ಸುರಿಯುವಾಗ ಈಕೆ ಮನೆಯಿಂದ ತಂದ ನವಣೆ ಅನ್ನದ ಡಬ್ಬಿ ಬಿಚ್ಚಿ ಮೂಲೆಯಲ್ಲಿ ಕೂತಿದ್ದಳು. ಇಷ್ಟೆಲ್ಲ ಹೋದ ಮೇಲೆ ಆಕೆಗೆಂದು ಉಳಿದ ಒಂದೇ ಸುಖ ಬಿಸಿ ಜೋಳದ ರೊಟ್ಟಿ. ಆದರೆ ರೋಗ ಅಷ್ಟರಲ್ಲಿ ಎಲುಬಿನ ಸುಣ್ಣವನ್ನೂ ತಿಂದಿತ್ತು. "ಮಣಿಕಟ್ಟಿನ ಮ್ಯಾಲೆ ಭಾರ ಹಾಕಬ್ಯಾಡ್ರಿ. ರೊಟ್ಟಿ ಬಡಿಯೂದಂತೂ ಬಂದ್" ಎಂದಿದ್ದರು ಡಾಕ್ಟರು.

ಆವತ್ತು ಉದಯಕುಮಾರ ಎದೆ ತಟ್ಟಿಕೊಂಡ. "ನೀ ಕೂಡು. ಇನ್ನ ಮ್ಯಾಲೆ ರೊಟ್ಟಿ ನಂದು."

ರವಿವಾರ ಬೆಳಿಗ್ಗೆ, ನೋಡಿದರೆ ಕೈ ಓಡುವುದಿಲ್ಲ ಎಂದು ಹೇಳಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತ. ಮೊದಲ ರೊಟ್ಟಿ ಹಲಗೆ ಬಿಟ್ಟು ಏಳಲೇ ಇಲ್ಲ. ಎರಡನೆಯದು ಎದ್ದಿತು, ಎದ್ದು ಅಂಗೈಯಲ್ಲೇ ನಾಲ್ಕು ಜಿಲ್ಲೆಯಾಗಿ ಹರಿಯಿತು. ಮೂರನೆಯದು ಹೇಗೋ ಹಂಚು ಮುಟ್ಟಿತು, ಆದರೆ ಅದನ್ನು ಹಂಚಿನಿಂದ ಬಿಡಿಸಲು ಉಳಿ ಸುತ್ತಿಗೆ ಬೇಕಾಯಿತು. ಹೊರಗೆ ಸುಜಾತಾ ತಾಟು ಇಟ್ಟುಕೊಂಡು ಕಾಯುತ್ತಿದ್ದಳು. ಉದಯಕುಮಾರ ಹಿಂಬಾಗಿಲಿನಿಂದ ಹೊರಬಿದ್ದು, ಸ್ಕೂಟರನ್ನು ಸದ್ದಾಗದಂತೆ ಓಣಿಯ ತುದಿಯವರೆಗೆ ನೂಕಿ, ಅಲ್ಲಿಂದ ಹಳೇ ಹುಬ್ಬಳ್ಳಿಗೆ ಹಾರಿದ. ಹಾರಿದ ಎಂದರೆ ಹಾರಿದ. ನಡುವಿನ ಸಿಗ್ನಲ್ಲುಗಳೆಲ್ಲ ಇವನ ಮುಖ ನೋಡಿಯೇ ಹಸಿರಾದವು. ಅಲ್ಲಿ ಒಂದು ಸಂದಿಯಲ್ಲಿ ಹೊಳೆವ್ವ ಎಂಬ ಹೆಂಗಸು ಮನೆಯ ಪಡಸಾಲೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದಳು.

"ಇವು ಬರೇ ಜ್ವಾಳದ್ದು ಹೌದಲ್ಲ?" ಎಂದು ಕೇಳಿದ.

"ಜ್ವಾಳದ ರೊಟ್ಟಿ ಅಂದ ಮ್ಯಾಲೆ ಜ್ವಾಳದ್ದ ಅಲ್ರಿ ಯಪ್ಪಾ, ಮತ್ತೇನ ಬಂಗಾರದ್ದೇನ?" ಎಂದಳು ಹೊಳೆವ್ವ. "ಮನಿಗೇನ್ರಿ?"

ಇಲ್ಲಿ ಅವನು ಹೌದು ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಹೀಗೊಂದು ಬ್ಯಾನಿ ಇದೆ, ಒಂದು ಚಿಟಿಕೆ ಗೋಧಿಯೂ ಬೀಳಬಾರದು ಎಂದು ಹೇಳಬಹುದಿತ್ತು. ಆದರೆ ಉದಯಕುಮಾರನ ನಾಲಿಗೆ ಅವನ ಮಾತು ಎಂದೂ ಕೇಳಿದ್ದಿಲ್ಲ. "ಮನಿಗಲ್ಲವಾ, ಆಫೀಸಿನವರಿಗೆ. ನಮ್ಮ ಮನ್ಯಾಗ ರೊಟ್ಟಿ ನಾನ ಬಡೀತೇನಿ. ನನ್ನ ರೊಟ್ಟಿ ನೋಡಿದ್ರ ನೀ ಹಲಗಿ ಮಾರಿಬಿಡ್ತಿ" ಎಂದುಬಿಟ್ಟ.

ಮನೆಗೆ ಬಂದು, ರೊಟ್ಟಿಯ ಮೇಲೆ ನೀರು ಚಿಮುಕಿಸಿ ಹಂಚಿಗೆ ಹಾಕಿ, ಬಾಗಿಲು ತೆರೆದ. ಸುಜಾತಾ ಎಣ್ಣೆಗಾಯಿ ಬದನೆಕಾಯಿಯ ಜೊತೆ ಒಂದು ತುತ್ತು ಬಾಯಿಗಿಟ್ಟಳು. ಆಕೆಯ ಕಣ್ಣು ತುಂಬಿಬಂದವು. "ಏನ್ರಿ ಇದು, ನಮ್ಮವ್ವನ ರೊಟ್ಟಿ ಆಗೇತಲ್ರಿ! ನನ್ನ ಸಲುವಾಗಿ ಇಷ್ಟು ಮಾಡಿದ್ರಾ?"

ಅಂಥ ಮುಖವನ್ನು ಎದುರಿಗಿಟ್ಟುಕೊಂಡು ಯಾವ ಗಂಡಸು ಖರೇ ಮಾತು ಆಡುತ್ತಾನೆ? ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂಬುದು ಬಂದಾಗೆಲ್ಲ ಅದರ ಹೆಸರು ಇವತ್ತು ಎಂದಾಗಿರುತ್ತಿತ್ತು.

ಹೀಗೆ ಅವನ ದಿನಚರಿ ಶುರುವಾಯಿತು. ಸಂಜೆ ಕಚೇರಿಯಿಂದ ಬರುವಾಗ ಹೊಳೆವ್ವನ ರೊಟ್ಟಿ ಸ್ಕೂಟರಿನ ಡಿಕ್ಕಿಯಲ್ಲಿ ಅಡಗುತ್ತಿತ್ತು. ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಬರಿ ಹಲಗೆಯ ಮೇಲೆ ಅಂಗೈಯಿಂದ ಟಪ್ ಟಪ್ ಟಪ್ ಎಂದು ಬಡಿಯುತ್ತಿದ್ದ. ಹುಬ್ಬಿಗೆ ಒಂದಿಷ್ಟು ಹಿಟ್ಟು ಸವರಿಕೊಳ್ಳುತ್ತಿದ್ದ. ಡಬ್ಬಿಯಲ್ಲಿನ ಹಿಟ್ಟು ಕಡಿಮೆಯಾಗಬೇಕಲ್ಲ, ಅದಕ್ಕೆ ದಿನಾ ಒಂದು ಮುದ್ದೆ ನಾದಿ ಹಿತ್ತಿಲಿನಾಚೆಯ ಬಿಡಾಡಿ ಆಕಳಿಗೆ ಕೊಡುತ್ತಿದ್ದ. ಆ ಆಕಳು ಎಷ್ಟು ಮೈಬಿಟ್ಟಿತೆಂದರೆ ಓಣಿಯಲ್ಲಿ ತಿರುಗಲು ಅದಕ್ಕೆ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತಿತ್ತು.

"ಸಾಹೇಬ್ರ, ನಮ್ಮ ಮನ್ಯಾಗಿನ ಗಂಡಸೂರು ಚಹಾದ ಕಪ್ಪು ತೊಳ್ಯಾಕ ಕರದ್ರ ಕಿವುಡರಾಗ್ತಾರ" ಎಂದು ಕಂಪೌಂಡಿನ ಮೇಲಿಂದ ರಾಜಬಿ ಹೊಗಳುತ್ತಿದ್ದಳು. "ನಿಮ್ಮನ್ನ ನೋಡಿ ಕಲೀರಿ ಅಂತ ದಿನಾ ಬೈತೇನಿ."

"ಕಳಸ್ರಿ ಆಪಾ, ಟ್ರೇನಿಂಗ್ ಕೊಡ್ತೇನಿ. ಮೊದಲ ಅಂಗೈಗೆ ವಿಮಾ ಮಾಡಸ್ಕೊಂಡು ಬರ್ರಿ ಅನ್ರಿ."

ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಾರೆ, ಅದು ಆಗದು ಎಂದು ಸುಜಾತಾ ಹೇಳಿದಾಗ ಅವನು ತನ್ನ ಅವ್ವನ ಕಾಲದ ಬೀಸುಕಲ್ಲು ತಂದಿಟ್ಟ. ಒಂದು ಹಿಡಿ ಬೀಸುವಷ್ಟರಲ್ಲಿ ಹೆಗಲು ಹಾರಿಹೋಯಿತು. ಆದರೂ ಆವತ್ತಿನಿಂದ, "ರವಿವಾರ ನೀ ಎಕ್ಸ್‌ಟ್ರಾ ಕ್ಲಾಸಿಗೆ ಹೋದಾಗ ವಾರದ ಹಿಟ್ಟು ಬೀಸಿ ಒಗೀತೇನಿ. ಕಾಳು ಒಂದೊಂದ ಆರಸ್ತೇನಿ, ಅವುಕ್ಕ ಹೆಸರು ಸಹಿತ ಇಟ್ಟೇನಿ" ಎಂದು ಹೇಳತೊಡಗಿದ. ಹಂಚನ್ನು ಯಾರೂ ಮುಟ್ಟದಂತೆ ಕೀಲಿ ಹಾಕಿಡುತ್ತೇನೆ ಎಂದೂ ಸೇರಿಸಿದ. ಸುಳ್ಳಿನ ಮನೆಗೆ ಒಂದೊಂದೇ ಕೋಣೆ ಏರಿಸುತ್ತ ಹೋದ. ಬಾಗಿಲು ಇಡುವುದನ್ನು ಮರೆತ.

ಮೊದಲ ಕೆಲವು ತಿಂಗಳು ಎಲ್ಲ ಛಲೋ ಇತ್ತು. ಸುಜಾತಾಳ ಕೆನ್ನೆಗೆ ಬಣ್ಣ ಬಂತು. ರಕ್ತದ ರಿಪೋರ್ಟಿನಲ್ಲಿ ಮೇಲಿದ್ದ ರೋಗದ ಅಂಕಿ ಇಳಿಯಿತು. ಉದಯಕುಮಾರ ಕಚೇರಿಯಲ್ಲಿ, "ಡಾಕ್ಟ್ರು ನನ್ನ ಅಂಗೈಯ ಎಕ್ಸ್‌ರೇ ತಗಸ್ಯಾರ. ಮೆಡಿಕಲ್ ಕಾಲೇಜಿನ್ಯಾಗ ಪಾಠಕ್ಕ ಇಡ್ತಾರಂತ" ಎಂದ.

ಆಮೇಲೆ ಅಂಕಿ ಏರಿತು.

ಬಾಯಿಯ ಹುಣ್ಣು ಮರಳಿ ಬಂದವು. ಹಾಜರಿ ಕರೆಯುವಾಗ ಸುಜಾತಾ ಖುರ್ಚಿ ಹಿಡಿದುಕೊಂಡು ನಿಲ್ಲತೊಡಗಿದಳು. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. "ಎಲ್ಲೋ ಗೋಧಿ ಹೊಂಟೈತ್ರಿ. ಹುಡುಕ್ರಿ. ಮನ್ಯಾಗ ಖಂಡಿತ ಇಲ್ಲ ಅಂತಾದ್ರ ಇದು ಪಥ್ಯಕ್ಕ ಬಗ್ಗದ ಜಾತಿ ಅಂತ ತಿಳೀಬೇಕಾಗತೈತಿ. ಮತ್ತೊಮ್ಮೆ ದುರ್ಬೀನು ಹಾಕಿ ನೋಡಿ, ಸ್ಟೆರಾಯ್ಡ್ ಚಾಲೂ ಮಾಡಬೇಕು. ಇವರ ಎಲುಬು ಮೊದಲ ಹಗುರಾಗ್ಯಾವ. ಆ ಗುಳಿಗಿ ಅವನ್ನ ಇನ್ನಷ್ಟು ಹಗುರ ಮಾಡತಾವ. ಅದಕ್ಕ ಮೊದಲು ಹುಡುಕ್ರಿ ಅನ್ನಾಕತ್ತೇನಿ."

ಆವತ್ತಿನಿಂದ ಉದಯಕುಮಾರನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಕಚೇರಿಯಲ್ಲಿ ಮೇಜಿನ ಕೆಳಗೆ ಅವನ ಮೊಳಕಾಲು ತಾನೇ ತಾನಾಗಿ ಕುಣಿಯುತ್ತಿತ್ತು. ಅದರ ಅದುರಿಗೆ ಉಳವಪ್ಪನ ಮೇಜಿನ ಮೇಲಿನ ಪೆನ್ನುಗಳು ಉರುಳಿ ಬೀಳುತ್ತಿದ್ದವು. ಮನೆಗೆ ಬಂದರೆ ಡಬ್ಬಿ ತೆರೆಯುವುದು, ಮೂಸುವುದು, ಮುಚ್ಚುವುದು, ಮತ್ತೆ ತೆರೆಯುವುದು. ಒಂದು ದಿನ ಇಂಗಿನ ಡಬ್ಬಿಯ ಹಿಂದೆ ಬರೆದದ್ದನ್ನು ಭೂತಗನ್ನಡಿ ಹಿಡಿದು ಓದಿ ಕುಣಿದಾಡಿದ. "ಸಿಕ್ಕ! ಕಳ್ಳ ಸಿಕ್ಕ! ಇಂಗಿನ್ಯಾಗ ಗೋಧಿ ಹಿಟ್ಟು ಕೂಡಸ್ಯಾರ!"

"ಆ ಇಂಗು ನಾ ಬಿಟ್ಟು ವರ್ಷ ಆತ್ರಿ" ಎಂದಳು ಸುಜಾತಾ ದಿಂಬಿನ ಮೇಲಿಂದ ತಲೆ ಎತ್ತದೆ. "ಅದು ನಿಮ್ಮ ಸಾರಿಗೆ ಹಾಕೂದು. ಚಮಚಾನೂ ಬ್ಯಾರೆ ಐತಿ."

ಇಂಗನ್ನು ಅವನು ಎಸೆದ. ಬೆಳ್ಳುಳ್ಳಿ ಒಗ್ಗರಣೆಯಲ್ಲೇ ಮನೆಯ ಸಾರು ನಡೆಯತೊಡಗಿತು. ತನ್ನ ಚಪಾತಿಯನ್ನೂ ಬಿಟ್ಟ, ಚಪಾತಿಯ ಲಟ್ಟಣಿಗೆ, ಹಳೆಯ ಜರಡಿ, ಕಟ್ಟಿಗೆಯ ಸೌಟು ಎಲ್ಲವನ್ನೂ ಮೂಟೆ ಕಟ್ಟಿ ಕೊಟ್ಟುಬಿಟ್ಟ. ಶೇಂಗಾ ಚಟ್ನಿಯನ್ನು ಮನೆಯಲ್ಲೇ ಕುಟ್ಟಿದ, ಖಾರದ ಪುಡಿಯನ್ನೂ ಕುಟ್ಟಿದ, ಕುಟ್ಟಿ ಸೀನಿದ. ಜಗತ್ತಿನ ಒಂದೊಂದು ಡಬ್ಬಿಯನ್ನೂ ಶೋಧಿಸಿದ. ಸ್ಕೂಟರಿನ ಡಿಕ್ಕಿ ಒಂದನ್ನು ಬಿಟ್ಟು. ಅದರ ಹತ್ತಿರ ಬಂದಾಗ ಮಾತ್ರ ಅವನ ಬುದ್ಧಿ, ಸಾಲ ಕೊಟ್ಟವನನ್ನು ಕಂಡವರ ಹಾಗೆ, ದಾರಿ ಬದಲಿಸಿ ಹೋಗುತ್ತಿತ್ತು.

ಎಷ್ಟು ದಿನ ಬದಲಿಸೀತು? ಒಂದು ಮಧ್ಯಾಹ್ನ ಡಬ್ಬಿಯ ರೊಟ್ಟಿಯನ್ನು ರೂಢಿಯಂತೆ ಟ್ಯೂಬ್‌ಲೈಟಿಗೆ ಹಿಡಿದ. ಉಳವಪ್ಪ ಬಾಯಿ ಚಪ್ಪರಿಸುತ್ತ, "ಮುಂಜಾನೆ ಬಡದ ರೊಟ್ಟಿ ಅಂತೀರಿ, ಮಡಚಿದ್ರೂ ಮುರಿಯೂದಿಲ್ಲಲ್ರಿ ಸಾಹೇಬ್ರ. ಚಪಾತಿಗತೆ ಸುತ್ತತಾವ!" ಎಂದ. ಹೊಗಳಿಕೆಯೇ ಅದು. ಆದರೆ ಉದಯಕುಮಾರ ಎತ್ತಿದ ರೊಟ್ಟಿಯನ್ನು ತಿರುಗಿ ಡಬ್ಬಿಗಿಟ್ಟ. ಅರ್ಧ ದಿನ ರಜೆ ಬರೆದುಕೊಟ್ಟು ಸ್ಕೂಟರ್ ಹತ್ತಿದ.

ಹಳೇ ಹುಬ್ಬಳ್ಳಿಯ ಆ ಸಂದಿಯಲ್ಲಿ ಹೊಳೆವ್ವ ಕಾಲು ಚಾಚಿ ಕೂತು ಹಿಟ್ಟು ಹಸನು ಮಾಡುತ್ತಿದ್ದಳು. ಪರಾತದಲ್ಲಿ ಜೋಳದ ಹಿಟ್ಟಿನ ಗುಡ್ಡೆ, ಪಕ್ಕದಲ್ಲಿ ಕುದಿಯುವ ಎಸರು. ಅವನು ನೋಡುತ್ತಿದ್ದಂತೆಯೇ ಆಕೆ ಇನ್ನೊಂದು ಡಬ್ಬಿಗೆ ಕೈಹಾಕಿ, ಒಂದು ಹಿಡಿ ತೆಗೆದು ಗುಡ್ಡೆಯ ಮೇಲೆ ಚೆಲ್ಲಿದಳು. ಆ ಹಿಟ್ಟಿನ ಬಣ್ಣ ಬೇರೆ ಇತ್ತು.

"ಅದೇನದು?"

"ಗೋಧಿ ಹಿಟ್ಟರಿ." ಹೊಳೆವ್ವ ಮುಚ್ಚುಮರೆಯಿಲ್ಲದೆ ಹೇಳಿದಳು. "ಹೊಸಾ ಜ್ವಾಳಾ ಇದ್ದಾಗ ಬೇಕಾಗಿದ್ದಿಲ್ಲ. ಈಗ ಕಾಳು ಹಳೇವಾದುವು, ಹಿಟ್ಟಿಗೆ ಜಿಗಿ ಇಲ್ಲ. ಬಡಿಯೂದ್ರಾಗ ಹರೀತಾವ. ಒಂದು ಹಿಡಿ ಹಾಕಿದ್ರ ಮೆತ್ತಗ ಬರತಾವ, ಚೀಲದಾಗ ಹಾಕ್ಕೊಂಡು ಎಲ್ಲೀತನಾ ಒಯ್ದ್ರೂ ಮುರಿಯೂದಿಲ್ಲ."

"ಜ್ವಾಳದ್ದ ಅಂದಿದ್ದಿಯಲ್ಲವಾ ನೀ!"

"ಆವಾಗ ಬರೇ ಜ್ವಾಳದ್ದ ಇದ್ದುವಲ್ರಿ. ಆಮ್ಯಾಲೆ ನೀವ ಕೇಳಲಿಲ್ಲ. ಆಫೀಸಿನವರಿಗೆ ಅಂದ್ರಿ, ಒಂದಿನಾನೂ ಯಾರೂ ಏನೂ ಅಂದಿಲ್ಲ." ಆಕೆ ಕೈ ತಡೆದು ಅವನ ಮುಖ ನೋಡಿದಳು. "ಯಾಕ್ರಿ, ಯಾರಿಗರ ಆಗಿಬರಲಿಲ್ಲೇನ? ಹೇಳಿದ್ರ ಹಾಕ್ತಿದ್ದಿಲ್ಲಲ್ರಿ ಯಪ್ಪಾ. ಬ್ಯಾರೇನ ಬಡದು ಕೊಡತಿದ್ದೆ."

ಹೇಳಿದ್ದರೆ. ಉದಯಕುಮಾರ ಅಂದು ಬರಿಗೈಯಲ್ಲಿ ತಿರುಗಿದ. ದಾರಿಯುದ್ದಕ್ಕೂ ಹಿಂದಿನಿಂದ ಬರುವ ಬಸ್ಸುಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾದವು. ಅವನ ತಲೆಯಲ್ಲಿ ಒಂದೇ ಲೆಕ್ಕ: ತಿಳಿಸದೆ ತಪ್ಪಿಸುವುದು ಹೇಗೆ? ನಾಳೆಯಿಂದ ರೊಟ್ಟಿ ಬಿಡಿಸಿದರಾಯಿತು. ಕೈ ನೋವು ಎನ್ನಬಹುದು. ನುಚ್ಚು ಮಾಡಬಹುದು, ನವಣೆ ಅನ್ನ ಮಾಡಬಹುದು. ಅಂಕಿ ತಾನಾಗಿ ಇಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನವನಗರ ಮುಟ್ಟುವ ಹೊತ್ತಿಗೆ ಅವನು ಹೆಚ್ಚುಕಡಿಮೆ ನಿರಪರಾಧಿಯಾಗಿದ್ದ.

ಮನೆಯಲ್ಲಿ ಸುಜಾತಾ ಕೈಚೀಲಕ್ಕೆ ಸೀರೆ ಮಡಚಿ ಇಡುತ್ತಿದ್ದಳು.

"ನಾಳೆ ಅಡ್ಮಿಟ್ ಆಗೂದೈತ್ರಿ" ಎಂದಳು. "ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಮನ್ಯಾಗ ಎಲ್ಲಾ ಹುಡುಕಿದ್ವಿ, ಗೋಧಿ ಇಲ್ಲ ಅಂದೆ. ಹೊರಗಿಂದು ಏನರ ತಿಂತೀರೇನು ಅಂತ ಕೇಳಿದ್ರು. ರೊಟ್ಟಿ ಸಹಿತ ನಮ್ಮ ಮನಿಯವರ ಕೈಯಾರೆ ಮಾಡ್ತಾರ, ನನಗ ಪೂರಾ ಭರವಸೆ ಐತಿ ಅಂದೆ. ಹಂಗಾದ್ರ ಗುಳಿಗಿ ಚಾಲೂ ಮಾಡೂಣು ಅಂದ್ರು."

 ಉದಯಕುಮಾರ ಉಳವಪ್ಪನಿಗೆ ಹೇಳಿದ ಕೊಕ್ಕರೆ ಯಾರನ್ನೂ ಕುಟುಕಿರಲಿಲ್ಲ. ಈ ಸುಳ್ಳು ಹೆಂಡತಿಯ ಬಾಯಿಂದ ಡಾಕ್ಟರ ಕಿವಿಗೆ ಹೋಗಿ, ಅಲ್ಲಿಂದ ಗುಳಿಗೆಯಾಗಿ ಆಕೆಯ ಎಲುಬಿಗೆ ತಿರುಗಿ ಬರುತ್ತಿತ್ತು.

"ತಡಿ, ತಡಿ. ಗುಳಿಗಿ ಬ್ಯಾಡ" ಎಂದ ಗಡಿಬಿಡಿಯಲ್ಲಿ. "ಗಿರಣಿ! ಗಿರಣ್ಯಾಗಿಂದ ಬಂದಿರಬೇಕು."

"ನೀವು ಬೀಸುಕಲ್ಲಿನ್ಯಾಗ ಬೀಸತೀರಲ್ಲ?"

"ಹಾಂ... ಹೌದು. ಹಂಗಾದ್ರ ಕಾಳಿನ್ಯಾಗ. ಜ್ವಾಳದ ಕಾಳಿನ್ಯಾಗನ ಗೋಧಿ ಕೂಡಿರಬೇಕು."

"ಒಂದೊಂದ ಆರಿಸಿ ಹೆಸರಿಡ್ತೀರಿ."

"ಹಂಚು. ರಾಜಬಿ ಆಪಾ ಒಯ್ದಿದ್ಲೇನೋ ಹಂಚು."

"ಹಂಚಿಗೆ ಕೀಲಿ ಐತಿ. ಕೀಲಿ ನನ್ನ ಕೊಳ್ಳಾಗ ಜನಿವಾರ ಆಗೇತಿ ಅಂತಿದ್ರಿ, ನಮಗೆಲ್ಲಿ ಜನಿವಾರಪಾ ಅಂತ ನಾ ನಕ್ಕಿದ್ದೆ." ಸುಜಾತಾ ಈಗ ನಗಲಿಲ್ಲ. ಸೀರೆ ಮಡಚುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು, ಉತ್ತರ ಗೊತ್ತಿಲ್ಲದೆ ಕೈ ಎತ್ತಿದ ಹುಡುಗನನ್ನು ನೋಡುವ ಹಾಗೆ. "ಇರ್ಲಿ ಬಿಡ್ರಿ. ನನಗನಸೂ ಮಟ್ಟಿಗೆ ಜ್ವಾಳಾನ ನನಗ ಒಲ್ಲದಾಗೇತಿ. ನಾಳಿಂದ ರೊಟ್ಟೀನೂ ಬಿಟ್ಟಬಿಡತೇನಿ. ಹೋಗೂಕಿಂತ ಮೊದಲ ಒಂದು ಬಿಸಿ ರೊಟ್ಟಿ ಮಾಡಿಕೊಡ್ರಿ. ಕಡೀದು."

ಓಡಿಹೋಗಲು ಅಡುಗೆಮನೆಗಿಂತ ದೂರದ ಜಾಗ ಅವನಿಗೆ ಹೊಳೆಯಲಿಲ್ಲ. ಒಳಹೋದ ಕೂಡಲೇ ಕೈ ತಾನಾಗಿ ಬಾಗಿಲ ಮೇಲೆ ಬಿತ್ತು.

"ಬಾಗಲಾ ಹಾಕಬ್ಯಾಡ್ರಿ" ಎಂದಳು ಸುಜಾತಾ. ಖುರ್ಚಿ ಎಳೆದುಕೊಂಡು ಬಂದು ಹೊಸ್ತಿಲ ಮೇಲೆಯೇ ಕೂತಳು. "ಕಡೀ ರೊಟ್ಟಿ ನೋಡಿಯರ ನೋಡ್ತೇನಿ."

ಎಸರು ಕುದಿಯಿತು. ಅವನು ಹಿಟ್ಟಿಗೆ ನೀರು ಸುರಿದ, ಹೆಚ್ಚಾಯಿತು. ಹಿಟ್ಟು ಸುರಿದ, ಅದೂ ಹೆಚ್ಚಾಯಿತು. ಬೆರಳು ಸುಟ್ಟುಕೊಂಡ. ಒಂದು ಮುದ್ದೆ ಹಿಡಿದು ಹಲಗೆಯ ಮೇಲಿಟ್ಟು ಬಡಿದ. ಅಂಚು ಬಾಯಿ ಬಿಟ್ಟಿತು. ಬಾಯಿ ಮುಚ್ಚಿಸಿದರೆ ನಡು ಬಿಟ್ಟಿತು. ಎತ್ತಲು ಹೋದಾಗ ಅರ್ಧ ಅವನ ಕೈಗೆ ಬಂತು, ಅರ್ಧ ಹಲಗೆಯಲ್ಲೇ ಉಳಿಯಿತು. ಕಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ರಾಜಬಿ ಕಿಟಕಿಯಲ್ಲಿ ಇಣುಕಿ, "ಸಾಹೇಬ್ರ, ಸಂಜಿಮುಂದೂ ರೊಟ್ಟಿ ಏನ್ರಿ?" ಎಂದವಳು ಹಲಗೆ ನೋಡಿದಳು, ಸುಜಾತಾಳ ಮುಖ ನೋಡಿದಳು, ಒಂದು ಮಾತೂ ಆಡದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ರಾಜಬಿ ಬಾಯಿ ಮುಚ್ಚಿಕೊಂಡು ಹೋದದ್ದು ಆ ಓಣಿ ಹುಟ್ಟಿದಾಗಿನಿಂದ ಅದೇ ಮೊದಲು.

"ನಿಮಗ ಬಡೀಲಿಕ್ಕೆ ಬರೂದಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ರಿ" ಎಂದಳು ಸುಜಾತಾ.

ಉದಯಕುಮಾರನ ಕೈಯಲ್ಲಿನ ಅರ್ಧ ರೊಟ್ಟಿ ಕೆಳಗೆ ಬಿತ್ತು.

"ನಾ ರೊಟ್ಟಿ ಬಡಿಯೋ ಮನ್ಯಾಗ ಹುಟ್ಟಿದಾಕಿ. ಬಡದಂಗ ರೊಟ್ಟಿ ಅಗಲಾಗತೈತಿ, ಅಗಲಾದಂಗ ಸದ್ದು ತೆಳ್ಳಗಾಗತೈತಿ. ನಿಮ್ಮದು ಮೊದಲಿಂದ ಕಡೀತನಾ ಒಂದ ಸದ್ದು, ಯಾರೋ ಬಾಗಲಾ ಬಡದಂಗ. ಲಟ್ಟಿಸಿ ಮಾಡತಿರಬೇಕು, ಹೇಳಾಕ ನಾಚಿಕಿ ಅಂತ ತಿಳಕೊಂಡೆ. ಲಟ್ಟಿಸಿದ್ರೇನಾತು, ನನ್ನ ಸಲುವಾಗಿ ಎದ್ದು ಮಾಡತಾರಲ್ಲ ಅಂತ ಸುಮ್ನಿದ್ದೆ." ಆಕೆಯ ದನಿ ಅಲ್ಲಿಯವರೆಗೆ ನೆಟ್ಟಗಿತ್ತು. "ಖರೇ ಹೇಳ್ರಿ. ಲಟ್ಟಿಸಿದ್ದೂ ಅಲ್ಲಾ?"

ಅವನ ನಾಲಿಗೆ ಒಂದು ಸುತ್ತು ತಿರುಗಿ ಹೊಸ ಕಥೆಯೊಂದನ್ನು ಹುಡುಕಿತು. ಇತ್ತು, ಒಂದಲ್ಲ ಮೂರು ಇದ್ದವು. ಅಷ್ಟರಲ್ಲಿ ಸುಜಾತಾ ಖುರ್ಚಿಯಿಂದ ಏಳಲು ಮಣಿಕಟ್ಟನ್ನು ಚೌಕಟ್ಟಿಗೆ ಊರಿದಳು. ನೋವಿಗೆ ತುಟಿ ಕಚ್ಚಿಕೊಂಡಳು. ಮೂರೂ ಕಥೆಗಳು ಅವನ ಗಂಟಲಲ್ಲೇ ಇಳಿದುಹೋದವು.

"ಅಲ್ಲ" ಎಂದ. "ಕೊಂಡು ತಂದದ್ದು."

"ದಿನಾ?"

"ದಿನಾ."

"ಗೋಧಿ ಇತ್ತ ಅದರಾಗ?"

"ಇವತ್ತ ಗೊತ್ತಾತು. ಈಗ ಅಲ್ಲಿಂದನ ಬಂದೆ."

"ಇವತ್ತ ಗೊತ್ತಾತು. ಬಂದು ಗಿರಣಿಯವನ ಮ್ಯಾಲೆ ಹಾಕಿದ್ರಿ, ರಾಜಬಿ ಮ್ಯಾಲೆ ಹಾಕಿದ್ರಿ." ಸುಜಾತಾ ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಹಗುರಾಗುತ್ತಿತ್ತು. "ನಾ ನಾಳೆ ಗುಳಿಗಿ ನುಂಗಾಕ ಕುಂತಿದ್ದೆ. ನಿಮಗ ರೊಟ್ಟಿ ಬರೂದಿಲ್ಲ ಅಂತ ಯಾರು ಅತ್ತಿದ್ರು? ಜ್ವಾಳದ ನುಚ್ಚು ಕುದಿಸಿ, ಮ್ಯಾಲೊಂದಿಷ್ಟು ಮಜ್ಜಿಗಿ ಹಾಕಿ ಕೊಟ್ಟಿದ್ರ ಉಣ್ಣತಿದ್ದೆ. ಅದಕ್ಕ ಬಡಿಯೂದೂ ಬ್ಯಾಡ, ಮುಚ್ಚೂದೂ ಬ್ಯಾಡ."

 ಆಕೆ ಫೋನು ತೆಗೆದು ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ, ಹಿಟ್ಟು ಮೆತ್ತಿದ ಅವನ ಅಂಗೈಯಲ್ಲಿಟ್ಟಳು. "ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಿ. ತಿದ್ದೂದು ನಿಮ್ಮ ಬಾಯಿಂದನ ಆಗ್ಲಿ."

ಆ ಕಡೆ ಡಾಕ್ಟರು, "ಹೇಳ್ರಿ ಟೀಚರ್, ನಾಳೆ ಬೆಳಿಗ್ಗೆ ಬರ್ತೀರಲ್ಲ?" ಎಂದರು.

"ಟೀಚರ್ ಅಲ್ರಿ, ನಾನು ಉದಯಕುಮಾರ, ಅವರ ಯಜಮಾನ." ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ... ಇಲ್ಲ, ಸಣ್ಣದಾಗಿತ್ತು, ಅಷ್ಟೇ. "ಗುಳಿಗಿ ಚಾಲೂ ಮಾಡಬ್ಯಾಡ್ರಿ ಡಾಕ್ಟ್ರ. ಆಕಿ ನಿಮಗ ಹೇಳಿದ್ದು ತಪ್ಪು. ಆಕಿ ತಪ್ಪಲ್ಲ, ನಂದು. ರೊಟ್ಟಿ ಮನ್ಯಾಗ ಮಾಡಿದ್ದಲ್ರಿ. ನಾ ಹೊರಗಿಂದ ತಂದು ಮನೀವು ಅಂತ ಹೇಳಿ ಹಾಕ್ತಿದ್ದೆ. ಅದರಾಗ ಗೋಧಿ ಹಿಟ್ಟು ಕೂಡಸ್ತಿದ್ರು. ದಿನಾ ತಿಂದಾಳ್ರಿ ಆಕಿ."

ಆ ಕಡೆಯಿಂದ ಡಾಕ್ಟರು ಕೇಳಿದರು. "ಮತ್ತ ಮನ್ಯಾಗ ನೀವು ಛಲೋ ರೊಟ್ಟಿ ಮಾಡ್ತೀರಿ ಅಂತ ಟೀಚರ್ ಪ್ರತೀ ಸಲಾ ಹೇಳ್ತಿದ್ರಲ್ರಿ?"

ಉದಯಕುಮಾರ ಸುಜಾತಾಳ ಕಡೆ ನೋಡಿದ. ಆಕೆ ಬೇರೆ ಕಡೆ ನೋಡುತ್ತಿದ್ದಳು.

"ಇಲ್ರಿ" ಎಂದ. "ನನಗ ಬರೂದಿಲ್ಲ. ಒಂದೂ ಬಡದಿಲ್ರಿ ನಾ."